ಮೊದಲ ವಾರ ಚುಚ್ಚುತ್ತದೆ

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ
ಬಂದವರ ಮಾತೆಲ್ಲ ಕೇಳಿದೆ.
ನಾಲ್ಕು ಮಗ್ಗದ ಅಂಗಡಿ, ಚಳ್ಳಕೆರೆಯ ಹಿಂದಿನ ಬೀದಿ,
ಕಂಬಳಿಗೊಂದು ಚೀಟಿ ಬೇಕಿತ್ತು,
ಅದರ ಮೇಲೆ ನಾಲ್ಕು ಮಾತು.

ಮೊದಲು ಬಂದವರು ಚನ್ನಕೇಶವಯ್ಯ ಮೇಷ್ಟ್ರು.
ಮೂರು ದಿನ ಊಟ ಬಿಟ್ಟು ಪದ್ಯ ಕಟ್ಟಿದ್ದರು:
ಕುರಿಯ ಮೈಯ ಬೆಳದಿಂಗಳು,
ಹಡೆದವ್ವನ ಮಡಿಲ ಬಿಸುಪು.
ಓದುತ್ತಾ ಅವರ ಕಣ್ಣೇ ಒದ್ದೆಯಾಯಿತು.
ಚೆಂದವಿತ್ತು, ಸುಳ್ಳು ಹೇಳಬಾರದು, ತಲೆದೂಗಿದೆ.
ಎಂಟು ಸಾಲು ಕಳೆದರೂ
ಕಂಬಳಿ ಅನ್ನೋ ಪದ ಬರಲಿಲ್ಲ.
ಒಳಗಿಂದ ನಮ್ಮತ್ತೆ,
‘ಯಾರ ಮದುವೆಯಂತೆ?’ ಅಂದಳು.

ದಾವಣಗೆರೆಯಿಂದ ಬಂದ ಹುಡುಗ
ಕಂಬಳಿಯನ್ನು ನಾಲ್ಕೂ ಕಡೆಯಿಂದ ಫೋಟೋ ಹಿಡಿದ.
ಒಂದು ಸಲವೂ ಮುಟ್ಟಲಿಲ್ಲ.
ಪ್ರೀಮಿಯಂ ಅಂದ, ಲಕ್ಷುರಿ ಅಂದ,
ತಿಂಗಳಿಗೆ ಎಂಟು ಸಾವಿರ ಅಂದ.
ನಾಲ್ಕು ಕಂಬಳಿ ಮಾರಿ ಇವನಿಗೆ ಕೊಟ್ಟರೆ
ಐದನೆಯದು ನನ್ನದು.

ಇನ್ನೊಬ್ಬ ಫೋನಿನಲ್ಲೇ ಸಿಕ್ಕ,
ಪದಕ್ಕೆ ಅರವತ್ತು ಪೈಸೆ.
ಉಣ್ಣೆ ಅಂದರೆ ಒಂದೇ ಪದ ಅಂತ
ಶುದ್ಧವಾದ ನೈಸರ್ಗಿಕವಾದ ಪರಿಶುದ್ಧವಾದ ಉಣ್ಣೆ
ಅಂತ ಬರೆದು ಕಳಿಸಿದ.
ನೂಲನ್ನು ಹೀಗೆ ಎಳೆದರೆ
ಬಟ್ಟೆಯಾಚೆ ಬೀದಿ ಕಾಣುತ್ತೆ ಕಣಪ್ಪ.

ತಾಲ್ಲೂಕು ಕಚೇರಿಯ ಮುಂದೆ, ಹೊಂಗೆ ಮರದಡಿ
ಅರ್ಜಿ ಬರೆಯುವ ಓಬಳಯ್ಯ ಇದ್ದಾನೆ.
ಅತ್ತೆಯ ಪಿಂಚಣಿ ನಿಂತಾಗ ಹೋಗಿದ್ದೆ.
ಎಷ್ಟು ತಿಂಗಳಾಯ್ತು, ಯಾರನ್ನ ಕೇಳಿದ್ರಿ,
ಏನಂದ್ರು, ಅಷ್ಟೇ ಕೇಳಿದ.
ಒಂಬತ್ತು ಸಾಲು ಬರೆದ. ದುಡ್ಡು ಬಂತು.
‘ಸಾಹೇಬರು ಎರಡು ಸಾಲು ಓದ್ತಾರೆ,
ಹೇಳೋದು ಅಲ್ಲೇ ಇರಬೇಕು’ ಅಂದಿದ್ದ.

ಅವನಿಗೇ ಹೇಳಿದೆ: ಇನ್ನೊಂದು ಅರ್ಜಿ ಬೇಕು.
‘ಯಾರಿಗೆ?’
ನನ್ನ ಮುಖ ನೋಡಿರದವರಿಗೆ.

ಭಾನುವಾರ ಬಂದ.
ಏಪ್ರಿಲ್ ಬಿಸಿಲು, ಹೆಂಚು ಕಾದು ಚಟಚಟ.
ಅಂಗಿ ಬಿಚ್ಚಿ, ಬನಿಯನ್ ಮೇಲೆ ಕಂಬಳಿ ಹೊದ್ದು
ಅರ್ಧ ಗಂಟೆ ಕೂತ.
ಬೆವರು ಗಲ್ಲದಿಂದ ಇಳಿಯುತ್ತಿತ್ತು.
‘ಚುಚ್ಚುತ್ತೆ’ ಅಂದ.
ನನ್ನ ಗಂಡ ಕೆಮ್ಮಿದರು.
‘ಎಷ್ಟು ದಿನ?’

ಇಪ್ಪತ್ತೆರಡು ವರ್ಷದಿಂದ ನೇಯ್ತಿದ್ದೀನಿ,
ಇದನ್ನ ಯಾರೂ ಕೇಳಿರಲಿಲ್ಲ.
ಒಂದು ವಾರ, ಅಂದೆ.
‘ಆಮೇಲೆ?’
ಆಮೇಲೆ ಅದಕ್ಕೆ ನಿಮ್ಮ ಗುರುತು ಸಿಗುತ್ತೆ.
‘ನೆನೆದರೆ?’
ಹುಣಸೆಬೀಜದ ಗಂಜಿ ವಾಸನೆ. ನೀರು ಒಳಗೆ ಬರಲ್ಲ.
‘ಎಷ್ಟು ವರ್ಷ ಬಾಳುತ್ತೆ?’
ಅತ್ತೆ ಎದ್ದು ಹೋಗಿ
ಮಾವನ ಮದುವೆ ಕಂಬಳಿ ತಂದು
ಅವನ ತೊಡೆ ಮೇಲೆ ಹಾಕಿದಳು.

ಬರೆದದ್ದು ಇಷ್ಟು:

ಚಳ್ಳಕೆರೆ ಕರಿ ಕಂಬಳಿ.
ಮೊದಲ ವಾರ ಚುಚ್ಚುತ್ತದೆ.
ಆಮೇಲೆ ನಿಮ್ಮ ಗುರುತು ಹಿಡಿಯುತ್ತದೆ.
ಮಳೆಯಲ್ಲಿ ಹುಣಸೆಬೀಜದ ವಾಸನೆ ಬರುತ್ತದೆ, ನೀರು ಬರುವುದಿಲ್ಲ.
ನೇಯ್ದವರು ಗಂಗಮಾಳಮ್ಮ.
ಸಂಜೆ ಐದರ ಮೇಲೆ ಫೋನ್ ಮಾಡಿ,
ಅಲ್ಲಿವರೆಗೆ ಅವರ ಕಾಲು ಗುಂಡಿಯಲ್ಲಿರುತ್ತದೆ.

ಅತ್ತೆ ರೇಗಿದಳು:
‘ಹೆಣ್ಣು ನೋಡೋಕೆ ಬಂದೋರಿಗೆ
ಮೂಗು ಮೊಂಡು ಅಂತ ನಾವೇ ಹೇಳ್ತೀವೇನೋ?’
‘ಅವರಿಗೂ ಕಣ್ಣಿರುತ್ತಲ್ಲಮ್ಮ’ ಅಂದು
ಪೆನ್ನು ಕಿವಿಗೆ ಸಿಕ್ಕಿಸಿಕೊಂಡ.
ಅರ್ಜಿಗೆ ನಲವತ್ತು. ಇದು ಉದ್ದವಾಯ್ತು, ಐವತ್ತು ಕೊಡಿ.

ಕೊನೆಯಲ್ಲಿ ಅಭ್ಯಾಸಬಲದಿಂದ
ಇಂತಿ ತಮ್ಮ ವಿಶ್ವಾಸಿ ಅಂತಲೂ ಬರೆದಿದ್ದ.
ಪ್ರೆಸ್ಸಿನವರು ಅದನ್ನೂ ಅಚ್ಚು ಹಾಕಿದರು.
ಐನೂರು ಚೀಟಿ. ಹೊಡೆದುಹಾಕಲು ಮನಸ್ಸು ಬರಲಿಲ್ಲ.

ನಿನ್ನೆ ರಾತ್ರಿ ಹೊಸದುರ್ಗದಿಂದ ಫೋನು:
‘ಹತ್ತು ದಿನ ಆಯ್ತು ಕಣಮ್ಮ,
ಇನ್ನೂ ಚುಚ್ತಾನೇ ಇದೆ.’
ಎಷ್ಟು ರಾತ್ರಿ ಹೊದ್ರಿ?
ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು.
‘...ಎರಡು.’
ಹಂಗಾದ್ರೆ ಇನ್ನೂ ಐದಿದೆ,
ಅಂದೆ.