ಚೆಕ್ಕುಬಂದಿ

ಅರಕಲಗೂಡಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು
ಪತ್ರ ಬರಹಗಾರ ಶ್ರೀಕಂಠಯ್ಯನವರ ಮಳಿಗೆಯಲ್ಲಿ
ಹನ್ನೊಂದು ವರ್ಷದಿಂದ ಕೂತು ಜಮೀನು ಪಾಲು ಮಾಡುತ್ತಿದ್ದೇನೆ.
ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ.

ಪೂರ್ವಕ್ಕೆ ಜವರಯ್ಯನ ಹೊಗೆಸೊಪ್ಪಿನ ಬ್ಯಾರನ್,
ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ಉತ್ತರಕ್ಕೆ ಇದೇ ನಂಬರಿನಲ್ಲಿ ಉಳಿದ ಜಮೀನು,
ದಕ್ಷಿಣಕ್ಕೆ ದಾರಿ:
ಕಣ್ಣು ಮುಚ್ಚಿ ಟೈಪು ಮಾಡಬಲ್ಲೆ.

ಮಳಿಗೆಯ ಕಂಪ್ಯೂಟರಿಗೆ ವಯಸ್ಸಾಯಿತು.
ವಿಂಡೋಸ್ ಏಳಲು ಒಂದು ಕಾಫಿ,
ನುಡಿ ತೆರೆಯಲು ಇನ್ನೊಂದು.
ಹಾಸನದ ಸಂತೆಪೇಟೆಯಿಂದ ತಬಸ್ಸುಮ್ ಪೆನ್‌ಡ್ರೈವ್ ಕಳಿಸಿದಳು:
'ಲಿನಕ್ಸ್ ಹಾಕ್ಕೋ. ಡಿ ಡ್ರೈವ್ ಮಾತ್ರ ಮುಟ್ಟಬೇಡ.'
ಡಿ ಡ್ರೈವಿನಲ್ಲಿ
ಇಡೀ ತಾಲ್ಲೂಕಿನ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಮಲಗಿದ್ದಾರೆ.

ಶನಿವಾರ ಶಟರ್ ಅರ್ಧ ಎಳೆದು ಕೂತೆ.
ಪರದೆಯ ಮೇಲೆ ಡಿಸ್ಕು, ಬಣ್ಣದ ಪಟ್ಟಿಗಳಾಗಿ,
ಸರ್ವೆಯವರ ನಕ್ಷೆಯ ಹಾಗೇ.
ಅದಕ್ಕೂ ಪಾರ್ಟಿಷನ್ ಅಂತಲೇ ಹೆಸರು.
ನಗು ಬಂತು. ಇದು ನನ್ನ ಕಸುಬಲ್ಲವೆ.

ಎಲ್ಲಕ್ಕಿಂತ ಮೊದಲು ಒಂದು ಚೂರು, ನೂರು ಎಂಬಿ.
ಹೆಸರಿಲ್ಲ, ಬೆಳೆಯಿಲ್ಲ, ಅನುಭವದಾರರಿಲ್ಲ.
ಖರಾಬು ಅಂದುಕೊಂಡೆ.
ಅದನ್ನೂ ಸಿ ಡ್ರೈವನ್ನೂ ಅಳಿಸಿ, ಒಟ್ಟು ಮಾಡಿ,
ಲಿನಕ್ಸನ್ನು ಕೂರಿಸಿದೆ.
ನಡುವೆ ಏನೋ ಎಚ್ಚರಿಕೆ ಬಂತು.
ಪಾರ್ಟಿಗಳು ಓದದೆ ರುಜು ಹಾಕುವ ಹಾಗೆ
ಸರಿ ಒತ್ತಿದೆ.

ಕಪ್ಪು ಪರದೆ.
ನೋ ಬೂಟಬಲ್ ಡಿವೈಸ್.
ಹಳೆಯದೂ ಇಲ್ಲ, ಹೊಸದೂ ಇಲ್ಲ.

ಫೋನಿನಲ್ಲಿ ತಬಸ್ಸುಮ್, ಅವಳ ಹಿಂದೆ ಯಾರದೋ ಪ್ರಿಂಟರಿನ ಕಿರುಚಾಟ.
'ಪೆನ್‌ಡ್ರೈವಿಂದಲೇ ಮತ್ತೆ ಏಳಿಸು.
ಸಿಸ್ ಒಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅಂತ ಫೋಲ್ಡರ್ ಇದೆಯಾ?'
ಇಲ್ಲ.
'ಹಾಗಾದರೆ ಲೆಗಸಿಯಲ್ಲಿ ಎದ್ದಿದೆ. ನಿನ್ನ ಡಿಸ್ಕು ಹೊಸ ಕಾನೂನಿನದು,
ನೀನು ಹಳೇ ಕಾನೂನಿನಲ್ಲಿ ಪತ್ರ ಮಾಡಿದ್ದೀಯ.'

ಎಫ್ ಹನ್ನೆರಡು ಒತ್ತಿದರೆ ಅದೇ ಪೆನ್‌ಡ್ರೈವ್ ಎರಡು ಸಲ.
ಒಂದಕ್ಕೆ ಬರೀ ಹೆಸರು, ಇನ್ನೊಂದರ ಮುಂದೆ ಯುಇಎಫ್‌ಐ.
ಪಹಣಿಯಲ್ಲಿ ಸಿದ್ದಯ್ಯ ಉರುಫ್ ಸಣ್ಣಯ್ಯ.
ಆಳು ಒಬ್ಬನೇ;
ಯಾವ ಹೆಸರು ಹಿಡಿದು ಕೂಗಿದೆ ಎನ್ನುವುದರ ಮೇಲೆ ಕೇಸು.

'ಮತ್ತೆ ಆ ನೂರು ಎಂಬಿ?'
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ಅಳಿಸಿದೆಯಾ? ಅದು ದಾರಿ ಕಣೇ.'

ದೊಡ್ಡಮಗ್ಗೆ ಹೋಬಳಿಯ ಒಂದು ವಿಭಾಗ ಪತ್ರ, ನಾನೇ ಬರೆದದ್ದು.
ಮೂರೆಕರೆ ಇಪ್ಪತ್ತೊಂದು ಗುಂಟೆ, ಮೂವರಿಗೆ,
ಗುಂಟೆಗೆ ಗುಂಟೆ ಸರಿ.
ಹಿಂದಿನ ಪಾಲು ಕೆಂಪಾಜಮ್ಮನದು.
ದಾರಿ ಬಿಡುವುದನ್ನು ಮರೆತಿದ್ದೆ.
ಆಲೂಗಡ್ಡೆ ಮೂಟೆ ಹೊತ್ತು ಆಕೆ
ತಮ್ಮನ ಬೇಲಿಯ ಮುಂದೆ ನಿಂತದ್ದನ್ನು
ಶ್ರೀಕಂಠಯ್ಯ ಬೈಯದೆ ಹೇಳಿದರು.
ಬೈದಿದ್ದರೆ ಚೆನ್ನಾಗಿತ್ತು.
ತಿದ್ದುಪಡಿ ಪತ್ರಕ್ಕೆ ಎರಡು ವರ್ಷ ಹಿಡಿಯಿತು.
ಎಂಟು ಅಡಿ ಕೇಳಿದ್ದಳು, ಆರು ಸಿಕ್ಕಿತು.

ರಾತ್ರಿ ಒಂಬತ್ತೂವರೆ.
ಈ ಸಲ ಯುಇಎಫ್‌ಐ ಹೆಸರು ಹಿಡಿದೇ ಕೂಗಿದೆ.
ಮೊದಲಿಗೇ ಐನೂರು ಎಂಬಿ ದಾರಿ ಬಿಟ್ಟೆ:
ಫ್ಯಾಟ್ ಮೂವತ್ತೆರಡು, ಇಎಸ್‌ಪಿ ಅಂತ ಗುರುತು.
ಎಂಟರ್ ಒತ್ತುವ ಮುನ್ನ
ಖಾಲಿ ಮಳಿಗೆಗೆ ಕೇಳುವಂತೆ ಓದಿದೆ:
ಪೂರ್ವಕ್ಕೆ ಡಿಸ್ಕಿನ ಆದಿ,
ಪಶ್ಚಿಮಕ್ಕೆ ಲಿನಕ್ಸು, ಅದರಾಚೆ ಡಿ,
ಸದರಿ ಡಿ ಡ್ರೈವನ್ನು ಯಾರೂ ಮುಟ್ಟತಕ್ಕದ್ದಲ್ಲ.

ಎದ್ದಿತು. ಕಾಫಿಯಿಲ್ಲದೆ ಎದ್ದಿತು.
ಡಿ ತೆರೆದು ಮೊದಲು ಕೆಂಪಾಜಮ್ಮನ ಪತ್ರವನ್ನೇ ಹುಡುಕಿದೆ.
ಇತ್ತು.
ತೆರೆದರೆ, ನುಡಿಯ ಅಕ್ಷರ ಈ ಊರಿಗೆ ಬಂದೇ ಇಲ್ಲ.
ಪುಟದ ತುಂಬ ಟೋಪಿ ಇಟ್ಟ, ಬಾಲ ಬಿಟ್ಟ ಇಂಗ್ಲಿಷು.
ಎಲ್ಲಿ ಪೂರ್ವ, ಎಲ್ಲಿ ದಾರಿ,
ಅಂಕಿಗಳು ಮಾತ್ರ ನೆಟ್ಟಗೆ ನಿಂತಿವೆ:
ಮೂರು, ಇಪ್ಪತ್ತೊಂದು, ಆರು.

ಹತ್ತು ಗಂಟೆಗೆ ತಬಸ್ಸುಮ್‌ಗೆ ಮತ್ತೆ ಫೋನ್ ಮಾಡಬಾರದು.
ಮಾಡಿದೆ.