ಅಯೋಡಿನ್ ಆರುವ ಮುನ್ನ

ಪೆನ್ಸಿಲಿನಲ್ಲೇ ಗೆರೆ ಎಳೆಯಬೇಕು. ಪೆನ್ನಾದರೆ
ಶಾಯಿಯೂ ಹೊರಡುತ್ತದೆ ಮೇಲಕ್ಕೆ,
ಕರೆಯದೆ ದಿಬ್ಬಣ ಸೇರುವವರ ಹಾಗೆ.
ಬುಡದಿಂದ ಒಂದೂವರೆ ಸೆಂಟಿಮೀಟರು.
ಅದರ ಮೇಲೆ, ಎಳೆಯಂಥ ಗಾಜಿನ ಕೊಳವೆಯಿಂದ
ಒಂದು ಚುಕ್ಕೆ, ಆರಲು ಬಿಟ್ಟು ಮತ್ತದೇ ಚುಕ್ಕೆ.

ಕೊಣಾಜೆಯ ಗುಡ್ಡದಲ್ಲಿ ಮಾರ್ಚಿನ ಸೆಕೆ.
ಸಮುದ್ರ ಕಾಣದು ಇಲ್ಲಿಂದ. ಅದರ ತೇವ ಮಾತ್ರ
ಬಂದು ಸಿಲಿಕಾದ ಬಿಳಿಯೊಳಗೆ ಕೂತಿರುತ್ತದೆ.
ನೂರಹತ್ತು ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ
ಕಾಯಿಸಿ ಅದನ್ನು ಎಬ್ಬಿಸಬೇಕು.
ಗಾಜು ತೊಳೆಯುವ ಹಿಲ್ಡಾಬಾಯಿ ಹೇಳುತ್ತಾರೆ:
ಹಪ್ಪಳಕ್ಕೂ ಇದೇ ಶಾಸ್ತ್ರ.

ಯೀಸ್ಟು ಅಪ್ಪನ ಮಡಕೆಯದು.
ಪಾವೂರಿನ ತೆಂಗಿನಿಂದ ಇಳಿದ ಒಂದು ಹನಿ,
ವರ್ಷವಿಡೀ ಸಾಕಿದ್ದೇನೆ.
"ಕಳ್ಳಿನಲ್ಲಿ ಕೊಬ್ಬುಂಟಾ ಮಾರಾಯ್ತಿ?" ಕೇಳಿದ್ದರು.
ಕಳ್ಳಿನಲ್ಲಲ್ಲ, ಅದನ್ನು ಹುಳಿಸುವ ಜೀವದ ಚರ್ಮದಲ್ಲಿ.
ತಾನೇ ಮಾಡಿದ ಮತ್ತಿನಲ್ಲಿ ತಾನೇ ಮುಳುಗುತ್ತಾ
ಚರ್ಮವನ್ನು ಚೂರುಚೂರೇ ಬದಲಿಸಿಕೊಳ್ಳುತ್ತದೆ, ಸಾಯದಿರಲು.
ಎಷ್ಟು ಬದಲಿಸಿತು, ಅದೇ ನನ್ನ ಪ್ರಬಂಧ.
ಅಪ್ಪ ತುಸು ಸುಮ್ಮನಿದ್ದು, ಕತ್ತಿ ಮಸೆಯುತ್ತಾ,
"ನಿನ್ನ ಜಾರಪ್ಪ ಮಾವನಿಗೆ ಅದು ಬರಲಿಲ್ಲ" ಎಂದರು.

ಜಾಡಿಯ ಮುಚ್ಚಳಕ್ಕೆ ಗ್ರೀಸು. ಒಳಗೆ ಅರ್ಧ ಬೆರಳು ದ್ರಾವಕ.
ತಟ್ಟೆ ನಿಲ್ಲಿಸಿದೆ. ಒದ್ದೆಯ ಅಂಚು ಹೊರಟಿತು.
ಏರುವುದು ಕಾಣದು, ಏರಿದ್ದು ಕಾಣುತ್ತದೆ.
ಅಪ್ಪ ಏರುವುದು ಹೀಗಲ್ಲ. ಕಾಲಿಗೆ ತಳೆ,
ಹಿಡಿ, ನೆಗೆ, ಹಿಡಿ, ಸೊಂಟದಲ್ಲಿ ಸೋರೆಬುರುಡೆಯ ಟಕಟಕ.
ಇಲ್ಲಿ ಸದ್ದಿಲ್ಲ. ಸಿಲಿಕಾದ ಅಂಟು ಯಾರಿಗೆ ಹೆಚ್ಚೋ
ಅವರು ಕೆಳಗೇ ನಿಂತರು: ಕೋಲಿನ್.
ಎಥನಾಲಮೈನ್ ನಡು ದಾಟಿತು,
ಕಾರ್ಡಿಯೋಲಿಪಿನ್ ತುದಿಯ ಹತ್ತಿರ.
ರಂಜಕವಿಲ್ಲದ ಬರೀ ಕೊಬ್ಬು
ದ್ರಾವಕದ ಬೆನ್ನಿಗೇ ಓಡಿಹೋಯಿತು.
ಹೀಗೆಲ್ಲ ಹೇಳುತ್ತೇನೆ. ತಟ್ಟೆಯಂತೂ ಇನ್ನೂ ಬೆಳ್ಳಗೆ.

ಮೇಲಂಚನ್ನು ಥಟ್ಟನೆ ಗುರುತಿಸಿ, ಒಣಗಿಸಿ,
ಅಯೋಡಿನ್ ಹರಳಿದ್ದ ಜಾಡಿಗೆ ಇಳಿಸಿದೆ.
ನೇರಳೆ ಹೊಗೆ. ಆಮೇಲೆ ಒಬ್ಬೊಬ್ಬರಾಗಿ
ಚಹಾದ ಕಲೆಯ ಹಾಗೆ ಬಂದರು.
ಆರು ತಾಸಿನ ಸಾಲು. ಇಪ್ಪತ್ತನಾಲ್ಕು ತಾಸಿನ ಸಾಲು.
ಮತ್ತೇರಿದ ಎರಡನೆಯದರಲ್ಲಿ ಇನೊಸಿಟಾಲ್ ದಪ್ಪ.
ಅದಕ್ಕೂ ಕೆಳಗೆ ಇನ್ನೊಂದು, ಮಸುಕು,
ನನ್ನ ಬಳಿಯ ಯಾವ ಮಾದರಿಗೂ ಹೊಂದದ್ದು.
ಮೊದಲ ಸಾಲಿನಲ್ಲಿ ಅದು ಇರಲೇ ಇಲ್ಲ.

ಬೇಗ, ಬೇಗ. ಗಾಳಿಗೆ ಬಂದರೆ ಐದೇ ನಿಮಿಷ,
ಕಲೆಗಳು ಎದ್ದು ಹೋಗುತ್ತವೆ.
ಒಂದೊಂದರ ಸುತ್ತ ಪೆನ್ಸಿಲಿನ ಬೇಲಿ ಹಾಕಿದೆ.

"ಉಬ್ಬಿದೆ ನೋಡು, ಹತ್ತಿಯ ಹಾಗೆ!"
ಬಾಗಿಲಲ್ಲಿ ಹಿಲ್ಡಾಬಾಯಿ, ಡಬ್ಬಿಯಲ್ಲಿ ನಾಲ್ಕು ಸಾನ್ನ.
ಅಪ್ಪನ ಕಳ್ಳು ಮೊನ್ನೆ ಅರ್ಧ ಕುಪ್ಪಿ ಅವರಿಗೂ ಹೋಗಿತ್ತು.
ತಿರುಗಿ ನೋಡಿದರೆ ತಟ್ಟೆ ಬರಿದು,
ಒಳಗೇನೂ ಇಲ್ಲದ ಸುತ್ತುಗಳು.
ಹೆಸರಿಲ್ಲದ್ದರ ಪಕ್ಕ, ಯಾವಾಗ ಬರೆದೆನೋ,
ಒಂದು ಸಣ್ಣ 'ಜಾ'.
ಸರ್ ಕೇಳಿದರೆ ಏನು ಹೇಳುವುದು.

ಲ್ಯಾಬಿನಲ್ಲಿ ತಿನ್ನಬಾರದು.
ಕೈ ತೊಳೆದು ಮೆಟ್ಟಿಲಿಗೆ ಹೋದೆವು.