ಬೆಲೆ ಕಟ್ಟಲಾಗದು

ಮೇಟಗಳ್ಳಿಯ ನಮ್ಮ ಬಟ್ಟೆ ಗಿರಣಿಯ ಉಗ್ರಾಣಕ್ಕೆ ಈ ಬೆಳಿಗ್ಗೆ
ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗಿಯೊಬ್ಬಳು ಬಂದಳು.
ಕೊಳ್ಳುವವರು ಯಾವ ದೇಶದವರೋ, ಅವಳಿಗೂ ಸರಿಯಾಗಿ ಗೊತ್ತಿಲ್ಲ.
ಟಾರ್ಚು ಹಿಡಿಯುವುದು ನನ್ನ ಕೆಲಸ.

ತೊಂಬತ್ಮೂರರ ಚಳಿಯಲ್ಲಿ ಟಾರ್ಚು ಹಿಡಿದವಳು
ಗಲೀನಾ ಪೆತ್ರೋವ್ನಾ. ಇವಾನೊವೊ ಎಂಬ ಊರು,
ಕೆಂಪು ಬಾವುಟ ಇಳಿದು ಎರಡು ವರ್ಷ,
ಗಿರಣಿ ಹರಾಜಿಗಿತ್ತು. ನಮ್ಮ ಧಣಿ ಪಾರಸ್‌ಮಲ್ಲರಿಗೆ
ಮಗ್ಗ ಬೇಕಿತ್ತು, ಗೋಡೆ ಬೇಡ, ಮಂದಿ ಬೇಡ.
ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದ ಕವಳಿಗೆ ಎಣಿಸಿದ ಹಾಗೆ
ಎಣಿಸಿಕೊಂಡು ಬಾ ಅರಸು, ಅಂದಿದ್ದರು.
ಸಾಲ ತಂದ ಸ್ವೆಟರು, ನಂಜನಗೂಡಿನ ಹಲ್ಲುಪುಡಿ, ಒಂದು ಲೆಡ್ಜರು.

ಇಪ್ಪತ್ತೇಳು ವರ್ಷದ ಉಗ್ರಾಣಿ ಆಕೆ.
ಒಂದು ಸೂಜಿ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.
ನಾನು ಕ್ಯಾಲ್ಕುಲೇಟರು ಒತ್ತುವಷ್ಟರಲ್ಲಿ
ಮರದ ಮಣಿಚೌಕಟ್ಟಿನ ಮೇಲೆ ಬೆರಳಾಡಿಸಿ
ಮೊತ್ತ ಹೇಳಿಬಿಡುತ್ತಿದ್ದಳು;
ನಾನು ಮತ್ತೊಮ್ಮೆ ಒತ್ತಿ ನೋಡಿ ನಾಚುತ್ತಿದ್ದೆ.
ಸರ್ಕಾರ ಮನೆಮನೆಗೆ ಹಂಚಿದ ಚೀಟಿ
(ಇಡೀ ದೇಶದಲ್ಲಿ ಅವಳ ಪಾಲು ಅದು)
ಮೊಮ್ಮಗನ ಬೂಟಿಗೆ ಹೋಗಿತ್ತಂತೆ.
ಎಡಗಾಲಿಗೆ ಬಿಗಿ.

ಕೊನೆಯ ದಿನ ಮಣಿಚೌಕಟ್ಟನ್ನು ತಾನೇ ಮುಂದೆ ತಳ್ಳಿದಳು:
ಇದನ್ನೂ ಬರೆದುಕೋ.
ಕಂಪನಿ ಭಾಷೆಯಲ್ಲಿ ಬರೆದೆ: ಬೆಲೆ ಕಟ್ಟಲಾಗದು.
ಅಂದರೆ ಗುಜರಿ. ಅಂದರೆ ಬಿಸಾಡಿ.
ಇನಾಯತ್, ಕೊಳ್ಳೇಗಾಲದ ಹುಡುಗ,
ಡಾಕ್ಟರಾಗಲು ಹೋಗಿ ದುಭಾಷಿಯಾದವನು,
ಪದಕ್ಕೆ ಪದ ಇಟ್ಟು ಹೇಳಿದ.
ಆಕೆ ಎರಡೂ ಕೈ ಕೆನ್ನೆಗಿಟ್ಟುಕೊಂಡಳು.
ಆಮೇಲೆ ಉಪ್ಪುಸೌತೆ ಬಂತು, ಚಹಾ ಬಂತು,
ಬೀಗ ಹಾಕಿಟ್ಟಿದ್ದ ಜೇನು ಬಂತು.
ಇನಾಯತ್ ನನ್ನ ಕಡೆ ನೋಡಲಿಲ್ಲ.
ತಿಂದೆ. ತಿದ್ದಲಿಲ್ಲ.

ಮಗ್ಗಗಳು ಬಂದವು. ಮದ್ರಾಸಿನ ಉಪ್ಪುಗಾಳಿಗೆ ಕೆಲವು ತುಕ್ಕಾಗಿ
ಮಿಕ್ಕವು ಇದೇ ಸೂರಿನಡಿ ಇಷ್ಟು ವರ್ಷ ದುಡಿದವು.
ಬಾಬಿನ್ನುಗಳ ಮೇಲಿನ ಅವಳ ಸೀಮೆಸುಣ್ಣದ ಅಂಕಿ
ಎಂದು ಅಳಿಸಿತೋ ಗಮನಿಸಲಿಲ್ಲ.

ಹುಡುಗಿ ಗಾಜಿನ ಮೇಲೆ ಬೆರಳು ತಟ್ಟುತ್ತ ಬಂದಳು,
ಕೊನೆಗೆ ನನ್ನ ಮೇಜಿಗೆ:
ಹಿತ್ತಾಳೆ ತಕ್ಕಡಿ, ಎಳೆ ತೂಗಲೆಂದು
ನಾನೇ ಅರ ಹಾಕಿ ಉಜ್ಜಿದ ಸಣ್ಣ ಬಟ್ಟುಗಳು.
ಇದಕ್ಕೇನೂ ಬರಲ್ಲ ಸಾರ್, ಗುಜರಿಗೆ ಹಾಕಿಬಿಡಿ.

ಒಳ್ಳೆಯ ಹುಡುಗಿ. ಹೂಟಗಳ್ಳಿಯವಳಂತೆ.
ಅಚ್ಚ ನಮ್ಮೂರ ಕನ್ನಡ.
ನಮ್ಮಿಬ್ಬರ ನಡುವೆ ದುಭಾಷಿ ಯಾರೂ ಇರಲಿಲ್ಲ.